ಉರಿಗೆ ಮುಂಚೆ ತೀರ್ಪು

2011ನೇ ಡಿಸೆಂಬರಿನಲ್ಲಿ ಲವ್‌ಜಾಯ್ ಎಂಬ ಧೂಮಕೇತುವು ಸೂರ್ಯನ ಮೇಲ್ಮೈಯಿಂದ ಸುಮಾರು 1,40,000 ಕಿಲೋಮೀಟರು ದೂರದಲ್ಲಿ ಹಾದುಹೋಗುವದಿತ್ತು. ಅದು ನಾಶವಾಗುವದೆಂದು ಪಂಡಿತರನೇಕರು ಎಣಿಸಿದರು. ಅದಾದರೋ ಉರಿಯನ್ನು ದಾಟಿ ಹೊರಬಂತು. 2012ರಲ್ಲಿ ಕಂಡುಹಿಡಿಯಲ್ಪಟ್ಟ ಐಸಾನ್ ಹುಣ್ಣಿಮೆಯ ಚಂದ್ರನಂತೆ ಹೊಳೆಯುವದೆಂದು ಹಲವರು ಕಾದಿದ್ದರು. 2013ನೇ ನವೆಂಬರ್ 28ರಂದು ಸೂರ್ಯನ ಬಳಿಗೆ ಬಂದಾಗ ಅದು ಒಡೆದು ಚದರಿಹೋಯಿತು.

ನೆರೆಯವರನ್ನು ನಾವು ಹೇಗೆ ಅಳೆಯುತ್ತೇವೆ? ಸಭೆಯಲ್ಲಿ ಗಟ್ಟಿಯಾಗಿ ಹಾಡುವವನನ್ನು ದೃಢನೆಂದೂ ಹಿಂದೆ ಕೂತ ಕೂಲಿಯವನನ್ನು ಬಲಹೀನನೆಂದೂ ಎಣಿಸುತ್ತೇವಲ್ಲವೇ? ಮಳೆ ತಪ್ಪಿದ ವರುಷದಲ್ಲಿ ಈ ಎಣಿಕೆಯು ತಲೆಕೆಳಗಾಗುವದುಂಟು. ಆದಕಾರಣ ಉರಿಗೆ ಮುಂಚೆ ತೀರ್ಪು ಮಾಡದಿರೋಣ. ಉರಿಯಲ್ಲಿ ಒಡೆದವನನ್ನು ಹೀನೈಸದಿರೋಣ. ಧೂಮಕೇತುವು ಒಂಟಿಯಾಗಿಯೇ ಸೂರ್ಯನ ಬಳಿಗೆ ಹೋಗುತ್ತದೆ. ನೆರೆಯವನಿಗೋ ನಾವು ಇದ್ದೇವೆ.