ಹಿಮ್ಮೇಳದ ಜಾಗ

ನಮ್ಮಪ್ಪ ಮಂಟೇಸ್ವಾಮಿಗಳ ಕಥೆ ಹಾಡುವ ನೀಲಗಾರರು. ಪುಷ್ಯ ಮಾಸದಲ್ಲಿ ತಂಬೂರಿ ಹೆಗಲಿಗೇರಿಸಿ ಅಜ್ಜೀಪುರದಿಂದ ಚಿಕ್ಕಲ್ಲೂರು ಜಾತ್ರೆಗೆ ಹೊರಟರೆ ಐದು ದಿನ ಮನೆ ಕಡೆ ತಿರುಗಿ ನೋಡುತ್ತಿರಲಿಲ್ಲ. ಒಂದು ವರ್ಷ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಜಾತ್ರೆಯ ಚಂದ್ರಮಂಡಲದ ಬೆಂಕಿ ಉರಿದು, ಜ್ವಾಲೆ ಯಾವ ಕಡೆ ವಾಲಿತು, ಯಾವ ಸೀಮೆಗೆ ಮಳೆ ಬೆಳೆ ಎಂದು ಜನ ಲೆಕ್ಕ ಹಾಕುತ್ತಿದ್ದ ಹೊತ್ತು. ಅಪ್ಪ ತಂಬೂರಿಯನ್ನು ಟವೆಲ್ಲಿನಿಂದ ಒರೆಸಿ, ತಂತಿ ಬಿಗಿದು ಶ್ರುತಿ ನೋಡಿ, ಚಿಕ್ಕಪ್ಪನ ಮಗನ ಕೈಗಿಟ್ಟರು. ತಾವು ತಾಳ ಹಿಡಿದು ಹಿಂದೆ ಕುಂತರು.

ಕಥೆಯಲ್ಲಿ ಸಿದ್ದಪ್ಪಾಜಿ ಹಲಗೂರಿಗೆ ಕಬ್ಬಿಣದ ಭಿಕ್ಷೆಗೆ ಹೋಗುವ ಭಾಗದಲ್ಲಿ ಆ ಅಣ್ಣನ ದನಿ ಜಾರಿತು. ಅಪ್ಪ ಹಿಂದಿನಿಂದ ಸೊಲ್ಲು ಎತ್ತಿಕೊಂಡರು. ಅಣ್ಣ ದಾರಿಗೆ ಬಂದ ಕೂಡಲೇ ತಮ್ಮ ದನಿ ಇಳಿಸಿಬಿಟ್ಟರು. ಕೂತವರಿಗೆ ಗೊತ್ತೇ ಆಗಲಿಲ್ಲ. ಬೆಳಿಗ್ಗೆ ಕೇಳಿದೆ, ಗಂಟಲು ಕೆಟ್ಟಿತ್ತಾ ಅಪ್ಪ?

"ಗಂಟ್ಲು ಕೆಟ್ಟಿಲ್ಲ ಕನ ಮಗ. ಹೈದ ಕಲ್ತವ್ನ, ಅದ್ಕ ಕೊಟ್ಟಿ."

ಈ ಮಾತು ನನಗೆ ತಾಗಲು ಇಪ್ಪತ್ತು ವರ್ಷ ಬೇಕಾಯಿತು, ಅದೂ ಹಾಕಿ ಆಟದಿಂದ.

ನಮ್ಮ ಹನೂರು ಸೀಮೆಯಲ್ಲಿ ಹಾಕಿ ಆಡುವವರಿಲ್ಲ. ನಾನು ಕಲಿತದ್ದು ಮೈಸೂರಿನ ಹಾಸ್ಟೆಲಿನಲ್ಲಿ, ಕೊಡಗಿನ ಹುಡುಗರ ಜೊತೆ. ಆಟದಿಂದಲೇ ನೌಕರಿ ಸಿಕ್ಕಿತು, ಇಲಾಖೆಯ ತಂಡದಲ್ಲಿ ರೈಟ್ ಔಟ್ ಜಾಗವೂ ಸಿಕ್ಕಿತು. 1996ರಲ್ಲಿ, ನನಗೆ ಮೂವತ್ತು ದಾಟಿದಾಗ, ಒಂದು ಫೈನಲ್ ದಿನ ಕೋಚು ನನ್ನನ್ನು ಬೆಂಚಿನಲ್ಲಿ ಕೂರಿಸಿ ಸೋಮವಾರಪೇಟೆ ಕಡೆಯ ಹುಡುಗನೊಬ್ಬನನ್ನು ಇಳಿಸಿದರು. ಆಗ 35 ನಿಮಿಷದ ಎರಡು ಭಾಗ. ನಡುವಿನ ಬಿಡುವಿನಲ್ಲಿ ಹುಡುಗ ಏದುಸಿರು ಬಿಡುತ್ತಾ ಬಂದು, "ಅಣ್ಣ, ಅವರ ಲೆಫ್ಟ್ ಬ್ಯಾಕು ನನ್ನ ಬಿಡ್ತಾನೇ ಇಲ್ಲ, ಏನ್ ಮಾಡ್ಲಿ?" ಅಂದ. ನನಗೆ ಗೊತ್ತಿತ್ತು. ಆ ಬ್ಯಾಕು ಮೊದಲು ಸುಮ್ಮನೆ ಸ್ಟಿಕ್ ಚಾಚಿ ಹೆದರಿಸುತ್ತಿದ್ದ. ಅದಕ್ಕೆ ಮೋಸಹೋಗದೆ ಅರೆಗಳಿಗೆ ತಡೆದರೆ ಅವನ ಎಡಗಾಲ ಪಕ್ಕದಲ್ಲೇ ದಾರಿ. ನಾಲ್ಕು ವರ್ಷ ಅವನೆದುರು ಆಡಿ ಕಂಡುಕೊಂಡದ್ದು.

"ನೀನೇ ನೋಡ್ಕೊ" ಅಂದೆ.

ಹೊಸಬನಿಗೆ ಜಾಗ ಕೊಡುವುದು ಧರ್ಮವೋ, ದುಡಿದವನನ್ನು ಎಬ್ಬಿಸುವುದು ಅಧರ್ಮವೋ ಎಂದು ಅವತ್ತಿನಿಂದ ತಲೆ ಕೆಡಿಸಿಕೊಂಡಿದ್ದೇನೆ. ಆಟದ ಮಂದಿ ಇದಕ್ಕೆ ತ್ಯಾಗ ಎನ್ನುತ್ತಾರೆ. ನನಗೆ ಆ ಮಾತು ಹಿಡಿಸುವುದಿಲ್ಲ. ಜಾಗ ನನ್ನದಾಗಿದ್ದರೆ ತಾನೆ ತ್ಯಾಗ? ಜಾಗ ಯಾರ ಸ್ವಂತದ್ದೂ ಅಲ್ಲ ಎನ್ನುವುದಕ್ಕೆ ನಮ್ಮ ಸೀಮೆಯಲ್ಲೇ ಸಾಕ್ಷಿ ಇದೆ. ಮಾದಪ್ಪನ ಬೆಟ್ಟದಲ್ಲಿ ದೀಪಾವಳಿಗೆ ಬೇಡಗಂಪಣ ಸಮುದಾಯದ 101 ಹೆಣ್ಣುಮಕ್ಕಳು ಹಾಲರವೆ ಎನ್ನುವ ದೇವರ ನೀರು ಹೊತ್ತು ಬರುತ್ತಾರೆ. ಎಳೆಯ ಮಕ್ಕಳು, ಬರಿಗಾಲು. ಹತ್ತು ವರ್ಷ ಹೊತ್ತು ನುರಿತವಳು ಎಂಬುವಳು ಅಲ್ಲಿ ಇರುವುದಕ್ಕೇ ಸಾಧ್ಯವಿಲ್ಲ, ಬೆಳೆದವಳು ಸಾಲಿನಿಂದ ಹೊರಗೆ. (ಮೈನೆರೆದ ಹೆಣ್ಣು ದೇವರ ನೀರು ಹೊರಬಾರದೆಂಬ ಕಟ್ಟಳೆ ನನಗೆ ಒಪ್ಪಿಗೆಯಿಲ್ಲ, ಅದು ಬೇರೆ ಜಗಳ.) ಆದರೂ ವರ್ಷವರ್ಷ ಹಾಲರವೆ ಬೆಟ್ಟ ಹತ್ತುತ್ತದೆ. ಅದಕ್ಕೇ 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್ ಮುಗಿದು ಗೋಲ್‌ಕೀಪರ್ ಶ್ರೀಜೇಶ್ ನಿವೃತ್ತರಾದಾಗ, ಹಿರಿಯರ ತಂಡದಲ್ಲಿ 16ನೇ ನಂಬರಿನ ಅಂಗಿ ಇನ್ನು ಯಾರಿಗೂ ಇಲ್ಲ ಎಂದು ಹಾಕಿ ಇಂಡಿಯಾ ಹೇಳಿದ್ದು ನನಗೆ ಸರಿ ಕಾಣಲಿಲ್ಲ. ಅವರನ್ನು ಕಿರಿಯರ ತಂಡಕ್ಕೆ ಕೋಚ್ ಮಾಡಿದ್ದು ಸರಿ ಕಂಡಿತು.

ಅಪ್ಪ ಹಾಡುತ್ತಿದ್ದ ಕಥೆಯಲ್ಲಿ ಇದಕ್ಕೆ ಒಂದು ದಾರಿ ಇದೆ, ನಾನೇ ತಡವಾಗಿ ಕೇಳಿಸಿಕೊಂಡೆ. ಮಂಟೇಸ್ವಾಮಿಗಳಿಗೆ ಹಿರಿಯ ಶಿಷ್ಯ ರಾಚಪ್ಪಾಜಿ. ಆಮೇಲೆ ಬಂದವನು ಕೆಂಪಾಚಾರಿ, ಅವನೇ ಸಿದ್ದಪ್ಪಾಜಿ. ಚಿಕ್ಕಲ್ಲೂರಿನ ಗದ್ದುಗೆ ಸಿಕ್ಕಿದ್ದು ಆ ಕಿರಿಯನಿಗೆ. ಅದೂ ಪುಕ್ಕಟೆಗಲ್ಲ, ಹಲಗೂರಿನ ಪಾಂಚಾಳರ ಕೈಲಿ ಪಡಬಾರದ ಪಾಡು ಪಟ್ಟ ಮೇಲೆ. ಹಾಗಂತ ರಾಚಪ್ಪಾಜಿಯನ್ನು ಯಾರೂ ಮನೆಗೆ ಕಳಿಸಲಿಲ್ಲ. ಕೆ.ಆರ್. ನಗರದ ಕಡೆಯ ಕಪ್ಪಡಿ ಅವರದಾಯಿತು, ಇವತ್ತಿಗೂ ಅಲ್ಲಿ ಜಾತ್ರೆ ಕಟ್ಟುತ್ತದೆ. ಗುರು ತಾನು ಬೊಪ್ಪೇಗೌಡನಪುರದಲ್ಲಿ ನೆಲದೊಳಗೆ ಇಳಿದ. ಹಳಬನನ್ನು ಎಬ್ಬಿಸುವವನಿಗೆ ಅವನ ಕಪ್ಪಡಿ ಯಾವುದು ಎಂದು ಗೊತ್ತಿರಬೇಕು. ಗೊತ್ತಿಲ್ಲದೆ ಎಬ್ಬಿಸಿದರೆ ಅದು ಬರೀ ಓಡಿಸುವುದು.

ನನ್ನ ಜಾಗಕ್ಕೆ ಬಂದ ಹುಡುಗನ ಸೀಮೆಯವರೇ, ಸೋಮವಾರಪೇಟೆಯ ಹಾಕಿ ಆಟಗಾರ ಎಸ್.ವಿ. ಸುನಿಲ್ ಲಂಡನ್, ರಿಯೋ ಎರಡೂ ಒಲಿಂಪಿಕ್ಸ್ ಆಡಿದವರು. 264 ಪಂದ್ಯ, 72 ಗೋಲು. ಟೋಕಿಯೊ ತಂಡದಲ್ಲಿ ಹೆಸರಿರಲಿಲ್ಲ, ಅದೇ ಟೋಕಿಯೊದಲ್ಲಿ 41 ವರ್ಷದ ಮೇಲೆ ಭಾರತದ ಹಾಕಿಗೆ ಪದಕ ಬಂತು. ಎರಡು ತಿಂಗಳಿಗೆ, 2021ರ ಅಕ್ಟೋಬರಿನಲ್ಲಿ, ಎಳೆಯರಿಗೆ ದಾರಿ ಬಿಡುತ್ತೇನೆ ಎಂದು ನಿವೃತ್ತಿ ಹೇಳಿದರು. ಆ ಎರಡು ತಿಂಗಳು ಅವರು ಹೇಗೆ ನಿದ್ದೆ ಮಾಡಿದರೋ. ಸಣ್ಣ ಮಾದರಿಯ ಆಟಕ್ಕೆ ಬೇಕಾದರೆ ಬರುತ್ತೇನೆ ಎಂದೂ ಹೇಳಿದ್ದರು. ಅದನ್ನು ಓದಿದಾಗ ತಾಳ ಹಿಡಿದು ಹಿಂದೆ ಕುಂತ ಅಪ್ಪ ಕಣ್ಣಿಗೆ ಬಂದರು.

ಈ ಸಲ ಚಿಕ್ಕಲ್ಲೂರಿಂದ ಬಂದವನು ಫೈನಲಿನಲ್ಲಿ ನನ್ನ ಜಾಗಕ್ಕೆ ಇಳಿದ ಆ ಹುಡುಗನ ನಂಬರ್ ಹುಡುಕಿ ಫೋನು ಮಾಡಿದೆ. ಈಗ ಅವನಿಗೂ ಐವತ್ತರ ಹತ್ತಿರ. ಊರು ಕೇರಿ ಎಲ್ಲ ಮಾತಾಡಿ, ಕೊನೆಗೆ ತಡೆಯಲಾರದೆ ಹೇಳಿದೆ, ಆ ಲೆಫ್ಟ್ ಬ್ಯಾಕಿನ ಎಡಗಾಲ ಪಕ್ಕದಲ್ಲಿ ದಾರಿ ಇತ್ತು ಕಣಪ್ಪ, ನನಗೆ ಗೊತ್ತಿತ್ತು.

ಆ ಕಡೆ ನಗು ಕೇಳಿಸಿತು. "ನಂಗೂ ಗೊತ್ತಾಯ್ತಣ್ಣ, ಮೂರು ಸಲ ಚೆಂಡು ಕಳ್ಕೊಂಡ ಮೇಲೆ."