ಇಂದಿನ ಧಮ್ಮ ಚಿಂತನೆ: ಎತ್ತಲು ಇಬ್ಬರು ಬೇಕು



11 ವರ್ಷದಿಂದ ನರ್ಸ್ ಆಗಿರುವ ನಾನು ಮೊನ್ನೆ ಮೊದಲ ಬಾರಿ ನರ್ಸ್‌ಗಳ ಸಮ್ಮೇಳನಕ್ಕೆ ಹೋಗಿದ್ದೆ. ಹಾಸಿಗೆ ಹಿಡಿದವರಿಗೆ ಬೆನ್ನಿನಲ್ಲಿ ಹುಣ್ಣಾಗದಂತೆ 2 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಎಂದು ವೇದಿಕೆಯಲ್ಲಿ ವಿವರಿಸಿದರು. ಹಿಂದಿನ ಸಾಲಿನಿಂದ ಒಬ್ಬ ಅಕ್ಕ ಎದ್ದು ಕೇಳಿದರು: "ರಾತ್ರಿ ಪಾಳಿಯಲ್ಲಿ ವಾರ್ಡಿಗೆಲ್ಲ ನಾನೊಬ್ಬಳೇ. ಹೇಗೆ ಹೊರಳಿಸಲಿ ಸರ್?" ಸಭೆ ಸುಮ್ಮನಾಯಿತು.

ವಿನಯಪಿಟಕದ ಮಹಾವಗ್ಗದಲ್ಲಿ ಒಂದು ಪ್ರಸಂಗವಿದೆ. ಹೊಟ್ಟೆ ಕೆಟ್ಟು ಭಿಕ್ಖುವೊಬ್ಬ ತನ್ನ ಮಲಮೂತ್ರದಲ್ಲೇ ಬಿದ್ದಿದ್ದ. ಇವನಿಂದ ನಮಗೇನೂ ಉಪಯೋಗವಿಲ್ಲವೆಂದು ಉಳಿದವರು ಆರೈಕೆ ಮಾಡಿರಲಿಲ್ಲ. ಬುದ್ಧರು ನೀರು ಹೊಯ್ದರು, ಆನಂದರು ಮೈ ತೊಳೆದರು. ಬುದ್ಧರು ತಲೆಯ ಕಡೆ, ಆನಂದರು ಕಾಲಿನ ಕಡೆ ಹಿಡಿದೆತ್ತಿ ಮಂಚದ ಮೇಲೆ ಮಲಗಿಸಿದರು. ಆಮೇಲೆ ಬುದ್ಧರು ಭಿಕ್ಖುಗಳನ್ನೆಲ್ಲ ಸೇರಿಸಿ, ನೋಡಿಕೊಳ್ಳುವವರು ಯಾರೂ ಇಲ್ಲದ ರೋಗಿಯನ್ನು ಸಂಘವೇ ನೋಡಿಕೊಳ್ಳಬೇಕು ಎಂದು ನಿಯಮ ಮಾಡಿದರು.

ಗಮನಿಸಿ, ಬುದ್ಧರೂ ಒಬ್ಬರೇ ಎತ್ತಲಿಲ್ಲ. ಆ ಅಕ್ಕನ ಪ್ರಶ್ನೆಗೂ ಉತ್ತರ ಕೊಡಬೇಕಾದದ್ದು ಇಡೀ ಸಂಘ.

ಇಂದಿನ ಅಭ್ಯಾಸ: ನಮ್ಮ ಬೀದಿಯಲ್ಲಿ ರೋಗಿಯನ್ನು ಒಬ್ಬರೇ ನೋಡಿಕೊಳ್ಳುತ್ತಿರುವ ಮನೆ ಯಾವುದು? ಸಂಜೆ ಹೋಗಿ ಇನ್ನೊಂದು ಕಡೆ ಕೈ ಕೊಡೋಣ.

ಭವತು ಸಬ್ಬ ಮಂಗಲಂ 🪷