ಅವ್ವನ ನೈವೇದ್ಯ, ಕೂಸಿನ ಲಸಿಕೆ

ಪ್ರಶ್ನೆ: ನಮ್ಮ ಮನೆ ವಿಜಯಪುರದ ಸಿದ್ಧೇಶ್ವರ ಗುಡಿ ಹತ್ತಿರ. ನನ್ನ ಮಗನಿಗೆ ಒಂಬತ್ತು ತಿಂಗಳು ತುಂಬಿದವು. ದಡಾರದ ಲಸಿಕೆ ಹಾಕಿಸಿರೆಂದು ಆಶಾ ಕಾರ್ಯಕರ್ತೆ ಎರಡು ಸಲ ಹೇಳಿ ಹೋದರು. ನಮ್ಮ ಅತ್ತೆಯವರು ಪೋಲಿಯೊ ಹನಿಗಾಗಲಿ, ಬೇರೆ ಇಂಜೆಕ್ಷನ್‌ಗಾಗಲಿ ಬೇಡ ಅಂದವರಲ್ಲ. ಇದೊಂದಕ್ಕೆ ಮಾತ್ರ, "ಗೊಬ್ಬರ ಅಂದ್ರ ಅವ್ವ ಮನಿಗೆ ಬರೂದು. ಆಕಿ ಬರೂ ಬಾಗಿಲಾ ಮುಚ್ಚಬ್ಯಾಡ್ರಿ. ನನ್ನ ಮಗಗ ಹಾಕಿಸಿಲ್ಲ, ಅವಗ ಏನಾಗೇತಿ?" ಅಂತಾರೆ. 1979ರಲ್ಲಿ ಅವರು ಬಬಲೇಶ್ವರದ ಕಡೆ ಹಳ್ಳಿಯಲ್ಲಿದ್ದಾಗ ಮೂರು ವರ್ಷದ ಮಗಳು ಗೊಬ್ಬರ ಎದ್ದು ತೀರಿಕೊಂಡಳಂತೆ. ಅಂದಿನಿಂದ ಶ್ರಾವಣದ ಮಂಗಳವಾರ ಒಗ್ಗರಣೆಯಿಲ್ಲದ ಅಡುಗೆ ಮಾಡಿ, ಅವ್ವನಿಗೆ ಮೊಸರನ್ನದ ನೈವೇದ್ಯ ಕೊಟ್ಟು ಉಡಿ ತುಂಬುತ್ತಾರೆ. ಲಸಿಕೆ ಹಾಕಿಸಿದರೆ ದೇವಿಗೆ ಅಪಚಾರವೇ? ಹಾಕಿಸುವುದಾದರೆ ಜವಳ ಮುಗಿದ ಮೇಲೆ, ಅಮಾವಾಸ್ಯೆ ತಪ್ಪಿಸಿ ಹಾಕಿಸಬೇಕೇ? ಶಾಂತಿ ಮಾಡಿಸಬೇಕೇ?

— ಒಬ್ಬ ತಾಯಿ, ವಿಜಯಪುರ

ಉತ್ತರ: ಅಪಚಾರವಲ್ಲ ತಾಯಿ, ಹಾಕಿಸಿರಿ. ಆದರೆ ಅತ್ತೆಯವರ ಮಾತನ್ನು ಮೂಢನಂಬಿಕೆ ಎಂದು ತಳ್ಳಿಬಿಡಬೇಡಿ. ಅದರೊಳಗೆ ಒಂದು ಆಚಾರವಿದೆ, ಒಂದು ದುಃಖವಿದೆ. ಎರಡಕ್ಕೂ ಬೇರೆ ಬೇರೆ ಉತ್ತರ ಬೇಕು.

ಮೊದಲು ಆಚಾರ. ಮನೆಯಲ್ಲಿ ಅವ್ವ ಬಂದಾಳೆ ಎಂದರೆ ಹಿರಿಯರು ಏನು ಮಾಡುತ್ತಿದ್ದರು? ಬಾಗಿಲಿಗೆ ಬೇವಿನ ತಪ್ಪಲು ಕಟ್ಟುತ್ತಿದ್ದರು. ಹೊರಗಿನವರು ಒಳಗೆ ಬರುತ್ತಿರಲಿಲ್ಲ, ಮನೆಯ ಮಕ್ಕಳನ್ನು ಹೊರಗೆ ಬಿಡುತ್ತಿರಲಿಲ್ಲ. ಕೂಸಿಗೆ ತಂಪು ಊಟ, ಮೆತ್ತನೆಯ ಹಾಸಿಗೆ, ರಾತ್ರಿಯೆಲ್ಲ ಪಕ್ಕದಲ್ಲೊಬ್ಬರು. ಲಸಿಕೆಯಿಲ್ಲದ ಕಾಲದಲ್ಲಿ ಮನೆಯವರ ಕೈಯಲ್ಲಿದ್ದ ಆರೈಕೆ ಅದು. ನಮ್ಮ ಕೂಸು ಉಳಿಯಲಿ, ಪಕ್ಕದ ಮನೆಯ ಕೂಸಿಗೆ ಹಬ್ಬದಿರಲಿ ಎಂಬುದೇ ಅದರ ಉದ್ದೇಶ. ಲಸಿಕೆಯ ಉದ್ದೇಶವೂ ಅದೇ. ಪೂಜೆಯ ಸಂಕಲ್ಪದಲ್ಲಿ ಆಯುಷ್ಯ, ಆರೋಗ್ಯ ಬೇಡಿಕೊಂಡು ಎದ್ದವರು, ಆರೋಗ್ಯ ಮನೆ ಬಾಗಿಲಿಗೆ ಬಂದಾಗ ಬೇಡ ಎನ್ನಬಹುದೇ?

ರೋಗವನ್ನು ತಡೆದರೆ ದೇವಿಯನ್ನು ತಡೆದಂತೆ ಎಂಬ ಭಯ ಹೊಸದಲ್ಲ. ಸಿಡುಬನ್ನೂ ಅವ್ವನೆಂದೇ ಕರೆಯುತ್ತಿದ್ದೆವು. ಸಿಡುಬಿನ ಲಸಿಕೆ ಭಾರತಕ್ಕೆ ಬಂದದ್ದು 1802ರಲ್ಲಿ, ಮುಂಬಯಿಗೆ. ಮುಂದೆ ಕೆಲವೇ ವರ್ಷಗಳಲ್ಲಿ ಚಾಮುಂಡಿಯನ್ನು ಕುಲದೇವತೆಯಾಗಿ ಪೂಜಿಸುವ ಮೈಸೂರು ಅರಮನೆಯಲ್ಲಿ ರಾಣಿಯೊಬ್ಬರು ಅದನ್ನು ಹಾಕಿಸಿಕೊಂಡರು. ಆ ಕಾಲದ ಚಿತ್ರವೊಂದರಲ್ಲಿ ರಾಣಿ ತೋಳಿನ ಆ ಜಾಗವನ್ನೇ ತೋರಿಸುತ್ತಿದ್ದಾರೆಂದು ಇತಿಹಾಸಕಾರರು ಗುರುತಿಸಿದ್ದಾರೆ. 1975ರ ನಂತರ ನಮ್ಮ ದೇಶದಲ್ಲಿ ಸಿಡುಬು ಕಾಣಲಿಲ್ಲ; 1980ರಲ್ಲಿ ಜಗತ್ತಿನಿಂದಲೇ ಹೋಯಿತೆಂದು ಘೋಷಣೆಯಾಯಿತು. ಸಿಡುಬು ಹೋಯಿತು, ಅವ್ವ ಹೋಗಲಿಲ್ಲ. ದ್ಯಾಮವ್ವ, ದುರಗವ್ವರ ಜಾತ್ರೆಗಳು ನಡೆದೇ ಇವೆ, ಉಡಿ ತುಂಬುವವರ ಸಾಲು ಕಡಿಮೆಯಾಗಿಲ್ಲ. ಅವ್ವ ಅಂದರೆ ರೋಗವೇ ಆಗಿದ್ದರೆ ಹೀಗಾಗುತ್ತಿತ್ತೇ?

ಇನ್ನು ದುಃಖ. ನಿಮ್ಮ ಅತ್ತೆಯವರು ಇದೊಂದೇ ಲಸಿಕೆಗೆ ಬೇಡ ಅನ್ನುವುದು ಏಕೆಂದು ಯೋಚಿಸಿ. "ಅವ್ವ ಕರಕೊಂಡು ಹೋದಳು" ಎಂಬ ಒಂದು ಮಾತನ್ನು ಹಿಡಿದುಕೊಂಡು ಅವರು ಇಷ್ಟು ವರ್ಷ ಬದುಕಿದ್ದಾರೆ. ಒಂದು ಸೂಜಿಯಿಂದ ಇದನ್ನು ತಪ್ಪಿಸಬಹುದಿತ್ತು ಎಂದಾದರೆ, ಮಗಳು ಹೋದದ್ದು ತನ್ನ ತಪ್ಪಿನಿಂದಲೇ ಎಂಬ ಪ್ರಶ್ನೆ ಆ ಜೀವವನ್ನು ಸುಡುತ್ತದೆ. ಆದ್ದರಿಂದ ವಾದ ಮಾಡಬೇಡಿ, ಪಕ್ಕದಲ್ಲಿ ಕೂತು ಹೇಳಿರಿ: ದಡಾರದ ಲಸಿಕೆ ನಮ್ಮ ದೇಶದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ಸೇರಿದ್ದೇ 1985ರಲ್ಲಿ. ಎಲ್ಲ ಜಿಲ್ಲೆಗಳಿಗೆ ಮುಟ್ಟಲು ಇನ್ನೂ ಕೆಲವು ವರ್ಷ ಹಿಡಿಯಿತು. 1979ರಲ್ಲಿ ಹಳ್ಳಿಯ ತಾಯಿಗೆ ಆ ದಾರಿ ಇರಲಿಲ್ಲ. ಇದ್ದದ್ದನ್ನೆಲ್ಲ ಅವರು ಮಾಡಿದರು. ತಪ್ಪು ಅವರದಲ್ಲ.

ಬಂದದ್ದನ್ನು ದೇವರ ಇಚ್ಛೆ ಎಂದು ಹೊತ್ತುಕೊಳ್ಳುವುದು ಭಕ್ತಿ. ಬರಬಹುದಾದದ್ದನ್ನು ತಡೆಯುವ ಶಕ್ತಿಯಿದ್ದೂ ಸುಮ್ಮನಿರುವುದು ಭಕ್ತಿಯಲ್ಲ. ಅದರ ಬೆಲೆ ಕೊಡುವುದು ಕೂಸು. ಹರಕೆಯನ್ನು ಹೊತ್ತವರೇ ತೀರಿಸಬೇಕು, ಇನ್ನೊಬ್ಬರ ಮೈಯಿಂದ ತೀರಿಸುವುದಲ್ಲ. ಅತ್ತೆಯವರ ನೈವೇದ್ಯ ಅವರ ಮಗಳ ನೆನಪಿಗೆ ಸಲ್ಲುತ್ತದೆ. ಅದನ್ನು ನಿಲ್ಲಿಸಬೇಡಿ, ಈ ಸಲ ನೀವೂ ಜೊತೆಗೆ ಕೂಡಿರಿ.

"ನನ್ನ ಮಗಗ ಏನಾಗೇತಿ?" ಎಂಬ ಮಾತಿಗೂ ಉತ್ತರವಿದೆ. ದಡಾರದಷ್ಟು ಬೇಗ ಹಬ್ಬುವ ರೋಗ ಅಪರೂಪ. ಒಬ್ಬರಿಗೆ ಬಂದರೆ, ಹತ್ತಿರವಿದ್ದು ಲಸಿಕೆಯಿಲ್ಲದ ಹತ್ತು ಜನರಲ್ಲಿ ಒಂಬತ್ತು ಜನರಿಗೆ ಹತ್ತುತ್ತದೆ. ರೋಗಿ ಎದ್ದುಹೋದ ಮೇಲೂ ಎರಡು ಗಂಟೆಯವರೆಗೆ ಕೋಣೆಯ ಗಾಳಿಯಲ್ಲಿ ಅದರ ವಿಷ ಇರಬಹುದು. ನೂರರಲ್ಲಿ 95 ಜನರಿಗೆ ಲಸಿಕೆಯಾದರೆ ಮಾತ್ರ ಅದು ಹಬ್ಬದೆ ನಿಲ್ಲುತ್ತದೆ. ಒಬ್ಬ ಹುಡುಗ ಹಾಕಿಸದೆಯೂ ಉಳಿದಿದ್ದರೆ ಅದರಲ್ಲಿ ಪುಣ್ಯವೂ ಇರಬಹುದು, ಹಾಕಿಸಿಕೊಂಡ ಓಣಿಯ ಮಕ್ಕಳ ಪಾಲೂ ಇರಬಹುದು. ನಮ್ಮ ಕೂಸಿಗೆ ಹಾಕಿಸುವುದು ಇನ್ನೂ ಒಂಬತ್ತು ತಿಂಗಳಾಗದ ಪಕ್ಕದ ಮನೆಯ ಕೂಸಿಗೂ ರಕ್ಷೆ. ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ತೋಡಿಸಿದ್ದು ಒಂದು ಮನೆಗಾಗಿ ಅಲ್ಲ. ಅವರ ಹೆಸರಿನಲ್ಲಿ ಸಂಕ್ರಮಣದ ಜಾತ್ರೆ ಮಾಡುವ ಊರಿನವರಿಗೆ ಇದನ್ನು ನಾನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

ಈಗ ನಿಮ್ಮ ಉಳಿದ ಪ್ರಶ್ನೆಗಳು. ಜವಳಕ್ಕೂ ಲಸಿಕೆಗೂ ಸಂಬಂಧವಿಲ್ಲ, ಕಾಯಬೇಡಿ. ಅಮಾವಾಸ್ಯೆಗಾಗಿ ಅತ್ತೆಯವರ ಮನಸ್ಸು ಹಿಡಿದು ಒಂದು ದಿನ ಸರಿಸಿದರೆ ದೋಷವಿಲ್ಲ. ತಿಂಗಳುಗಟ್ಟಲೆ ಮುಂದೂಡಬಾರದು, ಜಾತ್ರೆಯ ಗದ್ದಲಕ್ಕೆ ಮೊದಲೇ ಹಾಕಿಸುವುದು ಲೇಸು. ಶಾಂತಿ ಬೇಕಿಲ್ಲ. ಹೊರಡುವ ಮುನ್ನ ಕೂಸಿನ ಹಣೆಗೆ ಅತ್ತೆಯವರ ಕೈಯಿಂದಲೇ ಭಂಡಾರ ಹಚ್ಚಿಸಿರಿ, ಸಾಕು.

ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ 2017ರಿಂದ ದಡಾರ-ರುಬೆಲ್ಲಾ ಲಸಿಕೆಯನ್ನು ಪುಕ್ಕಟೆ ಹಾಕುತ್ತಾರೆ. ಮೊದಲನೆಯದು 9ರಿಂದ 12 ತಿಂಗಳೊಳಗೆ, ಎರಡನೆಯದು 16ರಿಂದ 24 ತಿಂಗಳೊಳಗೆ. ಎರಡನೆಯದನ್ನು ಮರೆಯಬೇಡಿ. ರುಬೆಲ್ಲಾ ಮಕ್ಕಳಿಗೆ ಹಗುರಾದ ರೋಗ; ಆದರೆ ಬಸುರಿಗೆ ಮೊದಲ ತಿಂಗಳುಗಳಲ್ಲಿ ತಗುಲಿದರೆ ಹುಟ್ಟುವ ಕೂಸಿನ ಕಿವಿ, ಕಣ್ಣು, ಹೃದಯ ಕೆಡಬಹುದು. ಮಂಗನಬಾವಿನ ರಕ್ಷಣೆಯೂ ಸೇರಿದ ಎಂ.ಎಂ.ಆರ್. ಲಸಿಕೆ ಬೇಕಿದ್ದರೆ ಖಾಸಗಿ ಮಕ್ಕಳ ವೈದ್ಯರನ್ನು ಕೇಳಿರಿ. ಕೂಸಿಗೆ ಜೋರು ಜ್ವರವಿದ್ದರೆ ಅಥವಾ ದೊಡ್ಡ ಕಾಯಿಲೆಯಿದ್ದರೆ ಮೊದಲು ವೈದ್ಯರಿಗೆ ತಿಳಿಸಿರಿ.

ಒಂದು ಮಾತನ್ನು ಮೊದಲೇ ಅತ್ತೆಯವರ ಕಿವಿಗೆ ಹಾಕಿರಿ. ಲಸಿಕೆಯಾಗಿ ಒಂದು ವಾರ, ಹತ್ತು ದಿನಕ್ಕೆ ಕೆಲವು ಮಕ್ಕಳಿಗೆ ತುಸು ಜ್ವರ ಬಂದು ಮೈಮೇಲೆ ಸಣ್ಣ ಗಂಧೆ ಏಳುತ್ತವೆ. ಅದು ಅವ್ವನ ಸಿಟ್ಟಲ್ಲ. ಮೈ ಆ ರೋಗವನ್ನು ಎದುರಿಸಲು ಕಲಿಯುತ್ತಿರುವ ಗುರುತು. ತಾನಾಗಿ ಇಳಿಯುತ್ತದೆ. ಮತ್ತು ಯಾರ ಮನೆಯಲ್ಲೇ ಆಗಲಿ ನಿಜವಾಗಿ ಗೊಬ್ಬರ ಎದ್ದರೆ ಬೇವಿನ ತಪ್ಪಲು ಕಟ್ಟಿರಿ, ದೀಪ ಹಚ್ಚಿರಿ, ಜೊತೆಗೆ ವೈದ್ಯರಿಗೂ ತೋರಿಸಿರಿ. ಊಟ, ನೀರು ನಿಲ್ಲಿಸಬೇಡಿ. ದಡಾರ ಬಂದ ಮಕ್ಕಳಿಗೆ ವೈದ್ಯರು ಎ ಜೀವಸತ್ವ ಕೊಡುತ್ತಾರೆ, ಅದು ಕಣ್ಣನ್ನೂ ಜೀವವನ್ನೂ ಕಾಯುತ್ತದೆ. ಉಸಿರಾಟ ಜೋರಾದರೆ, ಕೂಸು ಮಂಕಾದರೆ ಒಂದು ಗಳಿಗೆಯೂ ಕಾಯಬೇಡಿ.

ಸಾಧ್ಯವಾದರೆ ಲಸಿಕೆಯ ದಿನ ಅತ್ತೆಯವರನ್ನೂ ಕರೆದೊಯ್ಯಿರಿ. ಕೂಸನ್ನು ಅವರ ತೊಡೆಯ ಮೇಲೇ ಕೂಡಿಸಿರಿ. ಅಂದು ಮಗಳಿಗಾಗಿ ತಮ್ಮಿಂದಾಗದ್ದು ಇಂದು ಮೊಮ್ಮಗನಿಗಾಗಿ ಅವರ ಕೈಯಿಂದಲೇ ಆಗಲಿ. ಅವ್ವ ನಿಮ್ಮ ಮನೆಯ ಕೂಸನ್ನು ತಣ್ಣಗಿಡಲಿ.